ಒಂಬತ್ತು ವರ್ಷ ದಿನಗೂಲಿ ಮಾಡಿದ್ಮೇಲೆ "ನಾಳೆಯಿಂದ ಬರ್ಬೇಡ" ಅಂದ್ರು

ಪ್ರಶ್ನೆ: ನಾನು ನಮ್ಮೂರ ಪುರಸಭೆಲಿ ನೀರು ಬಿಡೋ ಕೆಲ್ಸ ಮಾಡ್ತಿದ್ದೆ ಸಾರ್, ಒಂಬತ್ತು ವರ್ಷ ದಿನಗೂಲಿ. ಮಸ್ಟರ್ ರೋಲ್‌ಗೆ, ಅಂದ್ರೆ ಹಾಜರಿ ಪಟ್ಟಿಗೆ, ಸಹಿ ಹಾಕ್ಸ್ಕೊಂಡು ದುಡ್ಡು ಕೊಡೋರು, ಆರ್ಡರ್ ಅಂತ ಒಂದು ಕಾಗ್ದಾನೂ ಕೊಟ್ಟಿಲ್ಲ. ಎರಡು ತಿಂಗಳ ಹಿಂದೆ ಬರ್ಬೇಡ ಅಂದ್ರು. ಕೇಳಿದ್ರೆ "ಉಮಾದೇವಿ ಕೇಸ್ ಇದೆ, ನಿಂಗೆ ಹಕ್ಕೇ ಇಲ್ಲ" ಅಂತಾರೆ. ನಿಜಾನಾ?

ಉತ್ತರ: ಅರ್ಧ ನಿಜ. ಉಮಾದೇವಿ ನಮ್ಮ ಕರ್ನಾಟಕದ್ದೇ ಕೇಸು, 2006ರ ಏಪ್ರಿಲ್‌ದು. ನೇಮಕಾತಿ ನಿಯಮ ಬಿಟ್ಟು ಸೇರಿದೋರು ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋ ಹಾಗಿಲ್ಲ ಅಂತ ಅದ್ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ರೆ ನೀವು ಕೇಳ್ತಿರೋದು ಕಾಯಂ ಅಲ್ವಲ್ಲ, ತೆಗೆದಿದ್ದು ಸರಿನಾ ಅಂತ. ಅದು ಬೇರೆ ಲೆಕ್ಕ, ಆಫೀಸ್‌ಗಳಲ್ಲಿ ಬೇಕಂತ್ಲೇ ಎರಡನ್ನೂ ಕಲಸಿ ಹೇಳ್ತಾರೆ ಅಂತ ನಂಗೆ ಎಷ್ಟೋ ಸಲ ಅನ್ಸಿದೆ.

ತೆಗೆಯೋ ಮುಂಚಿನ 12 ತಿಂಗಳಲ್ಲಿ 240 ದಿನ ಕೆಲ್ಸ ಮಾಡಿದೋರನ್ನ ಕಳಿಸ್ಬೇಕಾದ್ರೆ ಒಂದು ತಿಂಗಳ ನೋಟಿಸ್ ಇಲ್ಲಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಪರಿಹಾರ ಕೊಡ್ಬೇಕು. ಮೊದ್ಲು ಇದು 1947ರ ಕೈಗಾರಿಕಾ ವಿವಾದ ಕಾಯ್ದೆಲಿತ್ತು, 2025ರ ನವೆಂಬರ್ 21ರಿಂದ ಬಂದಿರೋ ಹೊಸ ಕೈಗಾರಿಕಾ ಸಂಬಂಧ ಕೋಡ್‌ನಲ್ಲೂ ಇದೆ. ನಿಮ್ಗೆ ನೋಟಿಸೂ ಇಲ್ಲ, ದುಡ್ಡೂ ಇಲ್ಲ.

ಕಷ್ಟ ಇರೋದು 240 ದಿನ ತೋರ್ಸೋದ್ರಲ್ಲಿ. ನಮ್ಮ ಅರಣ್ಯ ಇಲಾಖೆ ಕೂಲಿಯೊಬ್ರ ಕೇಸಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳ್ತು, ಸಾಬೀತು ಮಾಡೋ ಹೊರೆ ಕೆಲಸಗಾರಂದು, ಬರೀ ಅಫಿಡವಿಟ್ ಸಾಲ್ದು ಅಂತ, ಅವ್ರು ಸೋತ್ರು. 2005ರಲ್ಲಿ ನೀರಾವರಿ ಕೆಲಸದ ದಿನಗೂಲಿ ಒಬ್ರು ಗೆದ್ರು, ಯಾಕಂದ್ರೆ ಇಂಜಿನಿಯರ್ ಬರ್ಕೊಟ್ಟ ಒಂದು ಸರ್ಟಿಫಿಕೇಟ್ ಅವರ ಹತ್ರ ಇತ್ತು. ಹಾಗಾಗಿ ಇವತ್ತೇ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ಮಸ್ಟರ್ ರೋಲ್, ಕೂಲಿ ವೋಚರ್, ಪಿಎಫ್ ಕಟ್ಟಿದ್ರೆ ಅದರ ಲೆಕ್ಕ ಎಲ್ಲಾ ಕೇಳಿ, ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕ್ಸಿ, ಗೇಟ್ ಪಾಸು, ವಾಟ್ಸಾಪಲ್ಲಿ ಮೇಸ್ತ್ರಿ "ಆ ಕಡೆ ಲೈನ್ ಬಿಡು" ಅಂದಿರೋ ಮೆಸೇಜೂ ಡಿಲೀಟ್ ಮಾಡ್ಬೇಡಿ. ಅವರು ರೆಕಾರ್ಡ್ ಕೊಡ್ದಿದ್ರೆ ಕೋರ್ಟಲ್ಲಿ ಹಾಜರುಪಡಿಸೋಕೆ ಅರ್ಜಿ ಹಾಕ್ಬೋದು.

ಜಿಲ್ಲೆಯ ಲೇಬರ್ ಆಫೀಸರ್ ಹತ್ರ ರಾಜಿ ಸಂಧಾನಕ್ಕೆ ಅರ್ಜಿ ಕೊಡಿ, ವಜಾ ಆಗಿ ಎರಡು ವರ್ಷದೊಳಗೆ. ಹಳೇ ಕಾಯ್ದೆಲಿ ಲೇಬರ್ ಕೋರ್ಟಿಗೆ ಹೋಗೋಕೆ ಮೂರು ವರ್ಷ ಇತ್ತು, ಈಗ ಅದನ್ನ ನಂಬ್ಕೊಂಡು ಕೂರ್ಬೇಡಿ. ರಾಜಿ ಆಗ್ದಿದ್ರೆ, ಆಗ್ಲಿಲ್ಲ ಅಂತ ಆ ಆಫೀಸರ್ ಕೊಡೋ ರಿಪೋರ್ಟ್ ಬಂದ 90 ದಿನದೊಳಗೆ ಕೇಸ್ ಹಾಕ್ಬೇಕು. ನೇರ ಹೈಕೋರ್ಟಿಗೆ ಹೋದ್ರೆ ಸಾಮಾನ್ಯವಾಗಿ ವಾಪಸ್ ಇಲ್ಲಿಗೇ ಕಳಿಸ್ತಾರೆ, ಲಾಯರ್ ಫೀಸ್ ದಂಡ.

ಗೆದ್ರೆ ಕೆಲಸ ವಾಪಸ್ ಸಿಗುತ್ತಾ? ಗ್ಯಾರಂಟಿ ಇಲ್ಲ. ದಿನಗೂಲಿ ಕೇಸಲ್ಲಿ ನೋಟಿಸ್ ಕೊಡ್ದಿರೋದೊಂದೇ ತಪ್ಪಾದ್ರೆ ಒಂದೇ ಗಂಟಲ್ಲಿ ಪರಿಹಾರ ಕೊಟ್ಟು ಮುಗಿಸೋದು ಜಾಸ್ತಿ, 2014ರ ಬಿಎಸ್‌ಎನ್‌ಎಲ್ ಕೇಸಲ್ಲಿ ಹಂಗೇ ಆಯ್ತು. ಆದ್ರೆ 2025ರ ಜನವರಿಲಿ ಗಾಜಿಯಾಬಾದ್ ನಗರ ನಿಗಮದ ಮಾಲಿಗಳಿಗೆ ಕೆಲಸವೂ ಕೊಡಿಸಿ 50% ಹಿಂಬಾಕಿ ಸಂಬಳಾನೂ ಕೊಡಿಸ್ತು ಸುಪ್ರೀಂ ಕೋರ್ಟು. ನಿಮ್ಮ ಜಾಗಕ್ಕೆ ಹೊಸಬ್ರನ್ನ ತಗೊಂಡಿದ್ರೆ, ನಿಮ್ಗಿಂತ ಆಮೇಲೆ ಬಂದೋರನ್ನ ಉಳಿಸ್ಕೊಂಡಿದ್ರೆ ಅದನ್ನ ಅರ್ಜಿಲಿ ಬರೀರಿ, ಕೇಸಿಗೆ ತೂಕ ಬರುತ್ತೆ.

ಇನ್ನೊಂದು, ಈ ಮಧ್ಯೆ ಕರೆದು ಬಾಕಿ ಕೂಲಿ ಕೊಡ್ತೀವಿ ಸಹಿ ಹಾಕು ಅಂದ್ರೆ, ಪೂರ್ತಿ ಓದಿ. "ಸ್ವಂತ ಇಚ್ಛೆಯಿಂದ ಬಿಟ್ಟಿದ್ದೇನೆ" ಅಂತ ಎಲ್ಲಾದ್ರೂ ಕೆಳಗಡೆ ಸೇರ್ಸಿರ್ತಾರೆ.