ಪಕ್ಕದ 10 ಎಕರೆ ಹೊಲದಲ್ಲಿ ಅಪಾರ್ಟ್‌ಮೆಂಟ್ ಬರಲಿದೆ. ಮಳೆಗಾಲದಲ್ಲಿ ನಮ್ಮ ಬಡಾವಣೆಗೆ ನೀರು ನುಗ್ಗುತ್ತದೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಕಟ್ಟುವ ಮೊದಲು ಆ ಜಾಗದಿಂದ ಎಷ್ಟು ಮಳೆನೀರು ಹೊರಗೆ ಹರಿಯುತ್ತಿತ್ತು, ಕಟ್ಟಿದ ಮೇಲೆ ಎಷ್ಟು ಹರಿಯುತ್ತದೆ ಎಂಬ ವ್ಯತ್ಯಾಸವನ್ನು ಲೆಕ್ಕ ಹಾಕಿ.

10 ಎಕರೆ ಎಂದರೆ ಸುಮಾರು 40,000 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಸುರಿದರೆ 2,000 ಘನ ಮೀಟರ್ ನೀರು. ಹೊಲವಾಗಿದ್ದಾಗ ಅದರಲ್ಲಿ ಶೇ. 30 ಹರಿದು ಹೋಗುತ್ತದೆ ಎಂದಿಟ್ಟುಕೊಳ್ಳಿ, 600 ಆಯಿತು. ಉಳಿದದ್ದನ್ನು ಮಣ್ಣು ಕುಡಿಯುತ್ತದೆ. ತಾರಸಿ, ಕಾಂಕ್ರೀಟು ಬಂದಮೇಲೆ ಶೇ. 80, ಅಂದರೆ 1,600. ಹೆಚ್ಚುವರಿ 1,000 ಘನ ಮೀಟರ್, ಹತ್ತು ಲಕ್ಷ ಲೀಟರ್, ಆವರಣದೊಳಗೇ ನಿಲ್ಲಬೇಕು.

ಯೋಜನಾ ವರದಿಯಲ್ಲಿ ‘ಇಂಗುಗುಂಡಿ ಮಾಡಲಾಗುವುದು’ ಎಂದಿದ್ದರೆ ನಂಬಿಬಿಡಬೇಡಿ, ಗಾತ್ರ ಕೇಳಿ. 2 ಮೀಟರ್ ವ್ಯಾಸ, 3 ಮೀಟರ್ ಆಳದ 20 ಗುಂಡಿಗಳು ಖಾಲಿಯಿದ್ದರೂ ಹಿಡಿಯುವುದು 190 ಘನ ಮೀಟರ್ ಮಾತ್ರ. ಜಲ್ಲಿ ತುಂಬಿದರೆ ಅದರ ಅರ್ಧವೂ ಇಲ್ಲ.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಬೇಸಿಗೆಯ ಸಮೀಕ್ಷೆಯಲ್ಲಿ ರಾಜಕಾಲುವೆ ಬರೀ ಒಣ ಹಳ್ಳದಂತೆ ಕಾಣುತ್ತದೆ, ಹಾಗಾಗಿ ಗ್ರಾಮನಕ್ಷೆಯೊಂದಿಗೆ ತಾಳೆ ನೋಡಲೇಬೇಕು. ಇನ್ನೊಂದು, ಮೇಲ್ಭಾಗದ ಹೊಲಗಳಿಂದ ಈ ಜಾಗದ ಮೂಲಕ ಹಾದುಹೋಗುವ ನೀರನ್ನು ಲೆಕ್ಕದಲ್ಲೇ ಬಿಡುತ್ತಾರೆ. ಕಾಂಪೌಂಡ್ ಎದ್ದಮೇಲೆ ಅಡ್ಡದಾರಿ ಹಿಡಿದು ನೆರೆಮನೆಗಳಿಗೆ ನುಗ್ಗುವುದು ಹೆಚ್ಚಾಗಿ ಅದೇ ನೀರು.