ಯಾವತ್ತೂ ಕೆಡುಕು ಮಾಡದ ವಸ್ತುವಿಗೂ ಹೆದರಿಕೆ ಯಾಕೆ ಹುಟ್ಟುತ್ತದೆ?
ನಾಯಿ ಕಚ್ಚಿದವರು ನಾಯಿಗೆ ಹೆದರುತ್ತಾರೆ, ಸರಿ. ನನಗೆ ಏನೂ ಮಾಡದ ವಸ್ತುವಿಗೆ ನಾನ್ಯಾಕೆ ಹೆದರಬೇಕು ಅಂತ ಕೇಳಿದ್ದೀರಿ. ಪೆಟ್ಟು ಕೊಟ್ಟಿದ್ದಕ್ಕೆ ಮಾತ್ರ ಅಲ್ಲ, ಹೆದರಿಕೆ ಅದರ ಜೊತೆ ಬಂದದ್ದಕ್ಕೂ ಅಂಟುತ್ತದೆ.

ನಮ್ಮದು ಕುಷ್ಟಗಿ ಕಡೆ, ಬೋರ್‌ವೆಲ್ ಹೊಲ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಹೋಗಿ ಮೋಟಾರ್ ಚಾಲೂ ಮಾಡಬೇಕು. ಹಾಗೆ ಹೋದಾಗ ಕಾಕಾನ ಮಗನಿಗೆ ಬದುವಿನ ಮೇಲೆ ಹಾವು ಕಚ್ಚಿತು. ಬೇಗ ಆಸ್ಪತ್ರೆಗೆ ಒಯ್ದೆವು, ಉಳಿದ. ಆಮೇಲೆ ಕತ್ತಲಲ್ಲಿ ಬದು ತುಳಿಯಲು ಅವನ ಕಾಲು ನಡುಗುತ್ತಿತ್ತು. ಆದರೂ ಹೊಲ ಬಿಡೋಕಾಗಲ್ಲ ಅಲ್ವಾ? ಪಕ್ಕದ ಹೊಲದವರು ಫೋನ್ ಮಾಡಿ 'ಕರೆಂಟ್ ಬಂತು' ಅಂದರೆ ಹೋಗುತ್ತಿದ್ದ. ಬರಬರುತ್ತಾ ಆ ರಿಂಗ್‌ಟೋನ್ ಕೇಳಿದರೇ ಬೆವರತೊಡಗಿದ. ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ, ಹಾಡುಹಗಲೇ, ಬೇರೆ ಯಾರದೋ ಫೋನಿಗೂ. ಆ ಫೋನ್ ಕೊಂಡದ್ದೇ ಹಾವು ಕಚ್ಚಿದ ಮೇಲೆ! ಹಾವಿನಿಂದ ಬದುವಿಗೆ, ಬದುವಿನಿಂದ ಫೋನಿಗೆ ಹೆದರಿಕೆ ದಾಟಿತ್ತು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಪ್ರಯೋಗದಲ್ಲಿ ತೋರಿಸಿದ ಎರಡನೇ ಹಂತದ ಕಲಿಕೆ ಇದೇ.

ಹೆದರಿಕೆ ಹಬ್ಬುವ ಇನ್ನೊಂದು ದಾರಿ ನನಗೆ ಇನ್ನೂ ಅಚ್ಚರಿ. 1939ರಲ್ಲಿ ಬ್ರಾಗ್ಡನ್ ಎಂಬ ಮನೋವಿಜ್ಞಾನಿ ನಾಯಿಗಳ ಮುಂದೆ ಗಂಟೆ ಮತ್ತು ಬೆಳಕನ್ನು ಮತ್ತೆ ಮತ್ತೆ ಒಟ್ಟಿಗೆ ತಂದರು, ಶಾಕ್ ಇಲ್ಲದೆ. ಆಮೇಲೆ ಎರಡರಲ್ಲಿ ಒಂದರ ಜೊತೆ ಮಾತ್ರ ಕಾಲಿಗೆ ಶಾಕ್. ಕೊನೆಗೆ ಶಾಕ್ ಜೊತೆ ಎಂದೂ ಬಾರದ ಇನ್ನೊಂದಕ್ಕೂ ನಾಯಿಗಳು ಕಾಲೆತ್ತಿದವು. ಅಂದರೆ ಪೆಟ್ಟು ಬೀಳುವ ಮುಂಚೆ ಸುಮ್ನೆ ಜೊತೆಗಿದ್ದ ವಾಸನೆ, ಹಾಡು, ಬಣ್ಣಕ್ಕೂ ಹೆದರಿಕೆ ಹಬ್ಬಬಹುದು. ನಿಮ್ಮ ವಸ್ತುವೂ ಹಾಗೆ ಜೊತೆಗಿದ್ದದ್ದೇ ಇರಬಹುದು, ನೆನಪು ಮಾಡಿ ನೋಡಿ.

'ಮೂಲ ಹೆದರಿಕೆ ಹೋದರೆ ಇದೂ ಹೋಗುತ್ತೆ' ಅನ್ನುತ್ತಾರೆ. ಯಾವಾಗಲೂ ಹಾಗಲ್ಲ. 1972ರಲ್ಲಿ ರಿಜ್ಲಿ ಮತ್ತು ರೆಸ್ಕೋರ್ಲಾ ಎಂಬ ಮನೋವಿಜ್ಞಾನಿಗಳು ಇಲಿಗಳಲ್ಲಿ, ಶಾಕ್ ಜೊತೆ ಬಂದಿದ್ದ ಮೊದಲ ಸಂಕೇತದ ಭಯ ಅಳಿಸಿದರು. ಅದರಿಂದ ಕಲಿತ ಎರಡನೇ ಸಂಕೇತದ ಭಯ ಹಾಗೇ ಉಳಿಯಿತು. ಅದಕ್ಕೇ ಈಗ ಯಾವುದು ನಡುಗಿಸುತ್ತದೋ ಅದರ ಜೊತೆಗೇ ಕೆಲಸ ಮಾಡಬೇಕು.

ಕಾಕಾನ ಮಗ ರಿಂಗ್‌ಟೋನ್ ಬದಲಿಸಿದ್ದ. ಬದುವಿನ ಹೆದರಿಕೆ ಹಾಗೇ ಇತ್ತಲ್ಲ, ಹೊಸದಕ್ಕೂ ಅಂಟಿತು. ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚಕರು ಹೇಳಿದಂತೆ ಮಧ್ಯಾಹ್ನ ಮನೆಮಂದಿಯ ಜೊತೆ ಕೂತು ಅದೇ ಟೋನನ್ನು ಸಣ್ಣ ಸದ್ದಿನಲ್ಲಿ ದಿನಾ ಕೇಳಿದ, ನಿಧಾನಕ್ಕೆ ಸದ್ದು ಏರಿಸಿದ. ಹೊಲಕ್ಕೆ ಬೂಟು, ಬ್ಯಾಟರಿ, ಜೊತೆಗೊಬ್ಬರು. ಈಗ ಫೋನ್ ಬಂದರೆ ಎತ್ತುತ್ತಾನೆ.

ನಿಮಗೆ ತಲೆ ಕೆಟ್ಟಿಲ್ಲ, ನೀವು ಹೇಡಿಯೂ ಅಲ್ಲ. ಹೆದರಿಕೆ ಜಾಸ್ತಿಯಾಗಿ ನಿದ್ದೆ, ಕೆಲಸ ಕೆಡುತ್ತಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.