ಕೋರ್ಟ್ ಹಾಲ್‌ನಲ್ಲಿ ವೀಲ್‌ಚೇರ್ ಲಿಫ್ಟ್ ಹಾಕಲು ಅಮೆರಿಕದ ನಿಯಮ ಏನು ಹೇಳುತ್ತದೆ?

ಹಾಕಬಹುದು. 2010ರ ಎಡಿಎ (ಅಂಗವಿಕಲರ ಹಕ್ಕುಗಳ ಅಮೆರಿಕದ ಕಾಯ್ದೆ) ಮಾನದಂಡ ಹೊಸ ಕಟ್ಟಡದಲ್ಲಿ ಪ್ಲಾಟ್‌ಫಾರ್ಮ್ ಲಿಫ್ಟನ್ನು (ಗಾಲಿಕುರ್ಚಿ ಸಮೇತ ಮೇಲೆತ್ತುವ ಲಿಫ್ಟ್) ಎಲ್ಲೆಂದರಲ್ಲಿ ಒಪ್ಪುವುದಿಲ್ಲ, ಆದರೆ ಸಾಕ್ಷಿ ಕಟಕಟೆ, ಜ್ಯೂರಿ ಕೂರುವ ಜಾಗ, ಜಡ್ಜ್ ಪೀಠ, ಗುಮಾಸ್ತರ ಮೇಜು ಇವಕ್ಕೆಲ್ಲ ಒಪ್ಪುತ್ತದೆ. ಲಿಫ್ಟ್ ಎಎಸ್‌ಎಂಇ ಎ18.1 ಎಂಬ ಲಿಫ್ಟ್ ಸುರಕ್ಷತಾ ಮಾನದಂಡಕ್ಕೆ ತಕ್ಕಂತಿರಬೇಕು.

ಒಳಗೆ ಕನಿಷ್ಠ 760 × 1220 ಮಿ.ಮೀ. ಖಾಲಿ ನೆಲ ಬೇಕು. ಎಡವಟ್ಟಾಗುವುದು ಬಾಗಿಲಲ್ಲಿ. ಅದು ಲಿಫ್ಟಿನ ತುದಿಯಲ್ಲಿದ್ದರೆ 815 ಮಿ.ಮೀ. ಅಗಲ ಸಾಕು, ಪಕ್ಕದಲ್ಲಿದ್ದರೆ 1065 ಬೇಕು, ಯಾಕೆಂದರೆ ಗಾಲಿಕುರ್ಚಿ ಅಲ್ಲಿ ತಿರುಗಿಕೊಂಡೇ ಒಳಗೆ ಹೋಗಬೇಕು ಅಲ್ವಾ? ಕಟಕಟೆಯ ಹತ್ತಿರ ಜಾಗ ಇಕ್ಕಟ್ಟು, ಹಾಗಾಗಿ ಪಕ್ಕದ ಬಾಗಿಲೇ ಗತಿ ಎಂದು ಡ್ರಾಯಿಂಗ್ ಮುಗಿದ ಮೇಲೆ ಗೊತ್ತಾದರೆ ಕಷ್ಟ.

ಇನ್ನೊಂದು ವಿಷಯ, ಸಿಬ್ಬಂದಿ ಬಂದು ಬಟನ್ ಒತ್ತಿದರೆ ಮಾತ್ರ ಓಡುವ ಲಿಫ್ಟ್ ನಡೆಯುವುದಿಲ್ಲ. ಸಾಕ್ಷಿ ಹೇಳಲು ಬಂದವರು ತಾವೇ ಹತ್ತಿ ತಾವೇ ಇಳಿಯುವಂತಿರಬೇಕು. ನನ್ನ ಪ್ರಕಾರ ಇದೇ ಮುಖ್ಯ, ಎಲ್ಲರೂ ನೋಡುತ್ತಾ ಕೂತಿರುವಾಗ ಯಾರನ್ನೋ ಕಾಯುವುದು ಮುಜುಗರ.

ಜಡ್ಜ್ ಪೀಠಕ್ಕೆ, ಗುಮಾಸ್ತರ ಮೇಜಿಗೆ ಮೊದಲ ದಿನವೇ ಲಿಫ್ಟ್ ಬೇಕಿಲ್ಲ. ಮುಂದೆ ಹಾಕಲು ಬೇಕಾದ ಜಾಗ, ವೈರಿಂಗ್ ಕಟ್ಟುವಾಗಲೇ ಬಿಟ್ಟಿರಬೇಕು. ಕಟಕಟೆಗೂ ಜ್ಯೂರಿ ಜಾಗಕ್ಕೂ ಈ ರಿಯಾಯಿತಿ ಇಲ್ಲ.